ಕಲ್ಲಿಗೆ ಹೆಸರು ಬೇಡವೆಂದವಳು

ಅನಾವರಣದ ದಿನ ಸ್ಮಾರಕದ ಕಲ್ಲು ಮಗುಚಿ ಅಮಲ್ದಾರರ ಕಾಲಿನ ಮೇಲೆ ಬೀಳಬಹುದಿತ್ತು. ಕಲ್ಲಿಗೆ ಹೊದಿಸಿದ್ದ ರೇಷ್ಮೆ ಬಟ್ಟೆಯ ದಾರ ಎಳೆದಾಗ ಬಿಚ್ಚಿಕೊಳ್ಳದೆ ಇನ್ನಷ್ಟು ಬಿಗಿದುಕೊಂಡು, ಸರ್ಕಾರದ ಪ್ರತಿನಿಧಿ ಊರವರೆದುರಿಗೆ ಗಂಟಿನೊಡನೆ ಗುದ್ದಾಡಬೇಕಾಗಬಹುದಿತ್ತು. ಆ ಬಟ್ಟೆಯೇ ಹಿಂದಿನ ದಿನ ಕಳುವಾಗಿ, ಬಟ್ಟೆಗೆ ರೇಷನ್ನಿದ್ದ ಆ ಕಾಲದಲ್ಲಿ, ಯಾವುದೋ ಮಗುವಿನ ಅಂಗಿಯಾಗಿ ಅದೇ ಸಮಾರಂಭಕ್ಕೆ ಬರಬಹುದಿತ್ತು. ದೇವನಹಳ್ಳಿ ಕಡೆಯಿಂದ ಬರುವ ಇದ್ದಿಲಿನಿಂದ ಓಡುವ ಬಸ್ಸು ಕೆರೆ ಏರಿ ಹತ್ತಲಾರದೆ ನಿಂತು, ಅಮಲ್ದಾರರು ರುಮಾಲು ಸಮೇತ ಇಳಿದು ತಳ್ಳಬೇಕಾಗಬಹುದಿತ್ತು. ನಮ್ಮ ವಾಲಗದವರಿಗೆ ಗೊತ್ತಿದ್ದದ್ದೆಲ್ಲ ಮದುವೆಯ ಧಾಟಿ. ಸತ್ತ ಸೈನಿಕನ ಮುಂದೆ ಅವರು ಗಟ್ಟಿಮೇಳ ಬಾರಿಸಬಹುದಿತ್ತು. ಹುಣಿಸೆ ಮರದ ಹೆಜ್ಜೇನು ಏಳಬಹುದಿತ್ತು. ಖಾದಿ ಹುಡುಗರು ‘ಇದು ಬಿಳಿಯರ ಯುದ್ಧ’ ಎಂದು ಕೂಗಿ, ಅವರಲ್ಲಿ ಅರ್ಧದಷ್ಟು ಜನ ನನ್ನ ಹಳೆಯ ವಿದ್ಯಾರ್ಥಿಗಳೇ ಆದ್ದರಿಂದ, ನನ್ನ ನೌಕರಿ ಹೋಗಬಹುದಿತ್ತು. ಹಾರವನ್ನು ಆಡು ತಿನ್ನಬಹುದಿತ್ತು.

ಎಲ್ಲಕ್ಕಿಂತ ದೊಡ್ಡ ಹೆದರಿಕೆಯೊಂದಿತ್ತು. ಅಮಲ್ದಾರರು ಭಾಷಣದ ನಡುವೆ ಇರುವಾಗ ಬಸ್ಸು ಬಂದು ನಿಂತು, ಅದರಿಂದ ಆ ಸೈನಿಕನೇ ಟ್ರಂಕು ಹೊತ್ತು ಇಳಿದುಬಿಡಬಹುದಿತ್ತು.

ಇದನ್ನು ಹೇಳಿದಾಗ ನನ್ನ ಹೆಂಡತಿ ಸಾರಿನ ಸೌಟನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. “ಅಲ್ಲಾ, ನೀವು ಹೆದರ್ಕೊಂಡಿರೋದ್ರಲ್ಲಿ ಅದೊಂದಾದ್ರೂ ಆಗ್ಲಿ ಅನ್ನಿ. ಮೊದ್ಲು ಊಟ ಮಾಡಿ, ಆರಿಹೋಗ್ತಿದೆ.”

ಅದೂ ಆಗಲಿಲ್ಲ. ಮೇಲಿನ ಪಟ್ಟಿಯಲ್ಲಿ ಯಾವುದೂ ಆಗಲಿಲ್ಲ. ಆದದ್ದು ಒಂದೇ, ಬಹಳ ಸಣ್ಣದು. ಅದು ನನ್ನ ಪಟ್ಟಿಯಲ್ಲಿಯೇ ಇರಲಿಲ್ಲ. ನನ್ನಂಥವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಆ ಸೈನಿಕನ ತಾಯಿ ಹೋದ ತಿಂಗಳು ತೀರಿಕೊಂಡರು. ಅದಕ್ಕೇ ಇದನ್ನೆಲ್ಲ ಬರೆಯಲು ಕೂತಿದ್ದೇನೆ. ಆಕೆಯ ಹೆಸರು ಹೇಳುವುದಿಲ್ಲ. ಮನೆಯವರ ಹೆಸರೊಂದು ಕಲ್ಲಿಗೆ ಹತ್ತಬಾರದೆಂದು ತಾಲ್ಲೂಕಿನ ಆಡಳಿತವನ್ನೇ ಎದುರು ಹಾಕಿಕೊಂಡವರ ಹೆಸರನ್ನು ನಾನು ಕಾಗದಕ್ಕೆ ಹತ್ತಿಸಿದರೆ, ಆಕೆ ಯಾವ ಲೋಕದಲ್ಲಿದ್ದರೂ ಅಲ್ಲಿಂದಲೇ “ಮೇಷ್ಟ್ರೇ!” ಎಂದು ಕೂಗಿಯಾರು. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತ ಸಂಬಂಧವೇನಿಲ್ಲ, ಅವರು ಒಕ್ಕಲು ಮನೆಯವರು, ನಾನು ವರ್ಗವಾಗಿ ಬಂದ ಸ್ಕೂಲು ಮೇಷ್ಟ್ರು, ಗೋಡೆ ಒಂದೇ.

ದೇವನಹಳ್ಳಿ ಬಳಿಯ ವಿಜಯಪುರದ ಸುತ್ತಿನ ಎಲ್ಲ ಊರುಗಳಂತೆ ನಮ್ಮೂರಿನಲ್ಲೂ ಮನೆಮನೆಯಲ್ಲಿ ರೇಷ್ಮೆಯ ಚರಕ. ದೊಡ್ಡಮ್ಮ ಬೆಳಗಾದರೆ ಕುದಿಯುವ ಬಾಣಲೆಯ ಮುಂದೆ ಕೂರುತ್ತಿದ್ದರು. ಬಿಸಿನೀರಿನಲ್ಲಿ ಉರುಳಾಡುವ ರೇಷ್ಮೆಗೂಡುಗಳ ನಡುವೆ ಬೆರಳಿಟ್ಟು, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹಿಡಿದು ಚರಕಕ್ಕೆ ಕೊಡುವುದು ಆಕೆಯ ಕೆಲಸ. ಬೆರಳುಗಳ ತುದಿಗಳು ಬೆಂದು ಬೆಂದು ಬಿಳಿಚಿಕೊಂಡಿದ್ದವು. ಹುಳು ಬೇಯುವ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಈ ವಾಸನೆಯಿಂದ ನನಗೆ ಕ್ಷಯ ಬರಬಹುದೆಂದು ನಾನು ಒಂದು ವರ್ಷ ನಂಬಿದ್ದೆ.

ಯುದ್ಧ ಬಂದಾಗ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ವಿಮಾನದಿಂದ ಧುಮುಕುವವರ ಛತ್ರಿಗೆ ನಮ್ಮ ಕಡೆಯ ನೂಲು ಹೋಗುತ್ತದೆಂದು ನಾನೇ ಒಂದು ದಿನ ಆಕೆಗೆ ಹೇಳಿದೆ. ಆಕೆ ಚರಕ ನಿಲ್ಲಿಸಿದರು.

“ಅಂದ್ರೆ ನನ್ ನೂಲು ಹಿಡ್ಕೊಂಡು ಯಾವನೋ ಆಕಾಸದಿಂದ ಇಳೀತಾನೆ?”

“ಹೌದು ದೊಡ್ಡಮ್ಮ.”

“ಎಳೆ ಕಿತ್ಕೊಂಡ್ರೆ?”

“ಬೀಳ್ತಾನೆ.”

“ಅವ್ನ ತಾಯಿ ಯಾರ್ನ ಬಯ್ತಾಳೆ? ನನ್ನೇ ತಾನೆ?” ಎಂದರು. ಅವತ್ತಿನಿಂದ ಆಕೆಯ ನೂಲು ನಿಧಾನವಾಯಿತು. ಸಣ್ಣ ಗಂಟು ಕಂಡರೂ ಕಿತ್ತು ಮತ್ತೆ ಸೇರಿಸುತ್ತಿದ್ದರು. ವ್ಯಾಪಾರಿ ಬಂದು ಗೊಣಗಿದರೆ, “ನೀನ್ ಹತ್ತಿ ಧುಮುಕ್ತೀಯಾ? ಧುಮುಕೋ ಹಂಗಿದ್ರೆ ಹೇಳು, ಬೇಗ್ ಬೇಗ್ನೆ ಬಿಚ್ಚಿಕೊಡ್ತೀನಿ” ಎಂದು ಅವನ ಬಾಯಿ ಮುಚ್ಚಿಸುತ್ತಿದ್ದರು.

ಅಷ್ಟರಲ್ಲಿ ಮಗನೂ ಸೈನ್ಯಕ್ಕೆ ಸೇರಿದ. ಹೊಸದಾಗಿ ಮದುವೆಯಾಗಿದ್ದವನು. ಎಡಚ. ಊಟ ಎಡಗೈಯಲ್ಲಿ, ಕುಡುಗೋಲು ಎಡಗೈಯಲ್ಲಿ. ಚಿಕ್ಕಂದಿನಲ್ಲಿ ಆ ಕೈಗೆ ಬಟ್ಟೆ ಕಟ್ಟಿಟ್ಟರೂ ಹಲ್ಲಿನಿಂದ ಬಿಚ್ಚಿಕೊಳ್ಳುತ್ತಿದ್ದನಂತೆ. ಮದುವೆಯಲ್ಲಿ ಪುರೋಹಿತರು ಎಷ್ಟು ಕಣ್ಣು ಬಿಟ್ಟರೂ ತಾಳಿಯ ಗಂಟನ್ನು ತನ್ನ ಕೈವಾಟಕ್ಕೇ ಹಾಕಿದ್ದ. “ಆ ಗಂಟು ತಿರುವುಮುರುವು ಐತೆ. ಬಿಚ್ಚೋಕೆ ಊರಲ್ಲಿ ಯಾರ್ಗೂ ಬರಾಕಿಲ್ಲ” ಎಂದು ದೊಡ್ಡಮ್ಮ ಸೊಸೆಯ ಎದುರಿಗೇ ನಗುತ್ತಿದ್ದರು. ಸೊಸೆ ಹೆಚ್ಚು ಮಾತಿನವಳಲ್ಲ. ನಾಚಿ ಒಳಗೆ ಹೋಗುತ್ತಿದ್ದಳು.

ಒಂದು ಸಲ ರಜೆಯ ಮೇಲೆ ಬಂದವನು ಬೀದಿಯಲ್ಲಿ ಒನಕೆ ಹಿಡಿದು ಕವಾಯತು ತೋರಿಸಿದ್ದ. ಅಲ್ಲಿ ಬಲಗೈಯಲ್ಲೇ ಬಂದೂಕು ಹಿಡಿಯಬೇಕಂತೆ, ತಪ್ಪಿದರೆ ಹವಲ್ದಾರ ಮೊಣಕೈಗೆ ಬಾರಿಸುತ್ತಾನಂತೆ. “ಇಲ್ಲಾದ್ರೂ ನಿನ್ ಕೈಲಿ ಇಡ್ಕಳ್ಲಾ, ಯಾವ ಹವಲ್ದಾರ ಬತ್ತಾನೋ ನೋಡಾನ” ಎಂದು ತಾಯಿ ಜಗಲಿಯಿಂದ ಕೂಗಿದ್ದು ನನಗೆ ನೆನಪಿದೆ.

ಆಮೇಲೆ ಅವನನ್ನು ಬರ್ಮಾ ಕಡೆಗೆ ಕಳಿಸಿದರು. ಆಮೇಲೆ ತಂತಿ ಬಂತು.

ನಮ್ಮೂರಿನಲ್ಲಿ ಇಂಗ್ಲಿಷ್ ತಂತಿ ಎಂದರೆ ಓದುವವನು ನಾನು. ಹೀಗಾಗಿ ಊರಿನ ಎಲ್ಲ ಸಾವುಗಳೂ ಮೊದಲು ನನ್ನ ಕೈಯಲ್ಲಿ ಒಂದೆರಡು ಕ್ಷಣ ತಂಗಿ ಆಮೇಲೆ ಅವರವರ ಮನೆಗೆ ಹೋಗುತ್ತವೆ. ಬಿಡಿಸಿ ಓದಿದೆ. ಸತ್ತನೆಂದಿರಲಿಲ್ಲ. ಕಾಣೆಯಾಗಿದ್ದಾನೆ ಎಂದಿತ್ತು. ಹೇಗೆ ಹೇಳುವುದೋ ತಿಳಿಯದೆ ಕೆಮ್ಮಿದೆ, ಮತ್ತೆ ಕೆಮ್ಮಿದೆ.

“ಮೇಷ್ಟ್ರೇ, ಕೆಮ್ಮು ಆಮೇಲೆ. ಏನೈತೆ ಅದ್ರಲ್ಲಿ?”

“ಕಾಣೆಯಾಗಿದ್ದಾನಂತೆ ದೊಡ್ಡಮ್ಮ. ಹುಡುಕಿದರಂತೆ, ಸಿಕ್ಕಲಿಲ್ಲವಂತೆ.”

ಬಾಣಲೆಯಲ್ಲಿದ್ದ ಬೆರಳನ್ನು ಆಕೆ ತೆಗೆಯಲಿಲ್ಲ. ನೀರು ಕುದಿಯುತ್ತಿತ್ತು. “ಇದಕ್ ತಂತಿ ಬೇರೆ ಕೇಡು” ಎಂದರು. “ಆ ಬೇವರ್ಸಿ ಹುಟ್ಟಿದಾಗ್ಲಿಂದ ಕಾಣೆಯಾಗೋನೇ. ಕೂಗುದ್ರೆ ಓ ಅನ್ನಾಕಿಲ್ಲ. ಎಲ್ಲಾರೂ ಬಲಕ್ಕೆ ಹೋದ್ರೆ ಇವ್ನು ಎಡಕ್ಕೆ ಹೋಗೋನು. ಎಡಗಡೀಕೆ ಹುಡುಕಿ ಅಂತ ಬರೀರಿ ಸರ್ಕಾರಕ್ಕೆ.”

ಬರೆಯಲಿಲ್ಲ. ಬರೆದಿದ್ದರೂ ಯಾರೂ ಹುಡುಕುತ್ತಿರಲಿಲ್ಲ ಎಂಬುದು ಬೇರೆ ಮಾತು.

ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರು ಸೊಸೆಯನ್ನು ನೋಡಲು ಬಂದರು. ಅವರು ಯಾಕೆ ಬಂದರೆಂದು ಎಲ್ಲರಿಗೂ ಗೊತ್ತಿತ್ತು. ಬಳೆ ಒಡೆಯುವುದು, ತಾಳಿ ತೆಗೆಯುವುದು, ಕುಂಕುಮ ಒರೆಸುವುದು. ಅದಕ್ಕೆ ನುರಿತ ಒಬ್ಬಿಬ್ಬರು ಹಿರಿಯರು ಎಲ್ಲ ಬೀದಿಯಲ್ಲೂ ಇರುತ್ತಾರೆ. ದೊಡ್ಡಮ್ಮ ಕುದಿಯುವ ನೀರಿನ ಸೌಟು ಹಿಡಿದು ಹೊಸ್ತಿಲಲ್ಲಿ ನಿಂತರು. “ಯಾರವ್ವಾ ಅದು ಮೊದ್ಲು ಬರೋರು? ಬನ್ನಿ. ಕಾಣೆಯಾದೋನ್ಗೆ ಬಳೆ ಒಡೀಬೇಕಾ? ತುದಿ ಸಿಕ್ಕಿಲ್ಲ ಅಂತ ಗೂಡು ಬಿಸಾಕ್ತೀರಾ ನಿಮ್ ಮನೇಲಿ?” ಎಂದರು. ಹೆಂಗಸರು ವಿಚಾರಿಸಿಕೊಂಡು ಹೋಗಲು ಬಂದಿದ್ದೆವೆಂದು ಹೇಳಿ, ವಿಚಾರಿಸದೆ ಹೋದರು.

ಸೊಸೆಯ ಬಳೆ ಉಳಿಯಿತು. ಆದರೆ ಅದು ಆ ಸೌಟಿನ ಭಯದಲ್ಲಿ ಉಳಿದಿತ್ತು ಅಷ್ಟೆ. ಹಬ್ಬ ಬಂದಾಗಲೆಲ್ಲ ಯಾರಾದರೊಬ್ಬರು ಅರಿಶಿನ ಕುಂಕುಮ ಕೊಡುವಾಗ ಅವಳ ಮುಂದೆ ಒಂದು ಗಳಿಗೆ ತಡೆಯುತ್ತಿದ್ದರು. ದೊಡ್ಡಮ್ಮ ಕೆಮ್ಮುತ್ತಿದ್ದರು. ಅವರು ಕೊಟ್ಟುಬಿಡುತ್ತಿದ್ದರು.

ಹೀಗಿರುವಾಗ ಯುದ್ಧ ಮುಗಿಯಿತು. ಯುದ್ಧದಲ್ಲಿ ಮಡಿದವರಿಗೆ ಸ್ಮಾರಕ ನಿಲ್ಲಿಸಬೇಕೆಂದು ಅಮಲ್ದಾರರಿಗೆ ಅನ್ನಿಸಿತು. ಪಕ್ಕದ ತಾಲ್ಲೂಕಿನ ಅಮಲ್ದಾರರಿಗೆ ಅದಾಗಲೇ ಅನ್ನಿಸಿಬಿಟ್ಟಿತ್ತು. ಸಮಿತಿಯಾಯಿತು: ಪಟೇಲರು, ಶಾನುಭೋಗರು, ಬಳೆ ಅಂಗಡಿಯ ಶೆಟ್ಟರು, ರೇಷ್ಮೆ ವ್ಯಾಪಾರದ ಮುಸ್ಲಿಂ ಸಾಹೇಬರು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನಾನು ಕಾರ್ಯದರ್ಶಿ. ಸಭೆ ನಮ್ಮ ಸ್ಕೂಲಿನಲ್ಲಿ. ಮೊದಲ ತೊಂದರೆ ಎಂದರೆ, ಹೋಬಳಿಯಿಂದ ಯುದ್ಧಕ್ಕೆ ಹೋದವರೆಲ್ಲ ಬೇಜವಾಬ್ದಾರಿಯಿಂದ ಬದುಕಿ ಬಂದಿದ್ದರು. ಒಬ್ಬ ಕುಂಟುತ್ತ ಬಂದು ಕಾಫಿ ಹೋಟೆಲು ಇಟ್ಟಿದ್ದ, ಅವನನ್ನು ಹುತಾತ್ಮನೆನ್ನಲು ಬರುತ್ತಿರಲಿಲ್ಲ. ಉಳಿದದ್ದು ದೊಡ್ಡಮ್ಮನ ಮಗ. “ಸದ್ಯ, ಒಬ್ಬನಾದರೂ ಇದ್ದಾನಲ್ಲ” ಎಂದು ಅಮಲ್ದಾರರು ನಿಟ್ಟುಸಿರು ಬಿಟ್ಟರು.

ಸುದ್ದಿ ಗೋಡೆ ದಾಟಿತು. ಎರಡನೆಯ ಸಭೆಗೆ ದೊಡ್ಡಮ್ಮ ಯಾರೂ ಕರೆಯದೆ ಬಂದು ಬಾಗಿಲಲ್ಲಿ ನಿಂತರು.

“ಸ್ವಾಮಿ, ನನ್ ಮಗನ್ ಹೆಸ್ರು ಕಲ್ ಮ್ಯಾಲೆ ಕೆತ್ತಿಸ್ತೀರಂತೆ.”

“ಹೌದಮ್ಮ. ಹೆಮ್ಮೆ ಪಡಬೇಕು. ಸೂರ್ಯಚಂದ್ರರಿರುವವರೆಗೆ ಇರುತ್ತೆ” ಎಂದರು ಅಮಲ್ದಾರರು.

“ಅವ್ನು ಅದ್ಕಿಂತ ಮುಂಚೆ ಬಂದ್ಬಿಟ್ರೆ?”

ಅಮಲ್ದಾರರು ನನ್ನ ಕಡೆ ನೋಡಿದರು. ನಾನು ಶಾಯಿಯ ಕುಡಿಕೆಯ ಕಡೆ ನೋಡಿದೆ. “ಬಂದರೆ... ಅಳಿಸಿದರಾಯಿತು” ಎಂದರು.

“ಕಲ್ ಮ್ಯಾಗಿಂದು ಅಳಿಸ್ತೀರಿ. ಕಲ್ಲಿಗೆ ಹೆಸ್ರು ಹತ್ತಿದ್ ದಿನಾನೇ ಬೀದಿಯೋರು ನನ್ ಸೊಸೆ ಬಳೆ ಒಡೀತಾರೆ. ಅದ್ನ ಅಂಟಿಸ್ಕೊಡ್ತೀರಾ?”

ಶೆಟ್ಟರು ಒಳ್ಳೆಯ ಮನಸ್ಸಿನಿಂದಲೇ, “ಹೊಸಾ ಬಳೆ ನಾನ್ ಕೊಡ್ತೀನಿ ಬಿಡವ್ವ, ಪುಕ್ಕಟೆ” ಎಂದುಬಿಟ್ಟರು.

“ನೀನು ಕೊಡೋದು ಬಳೆ ಕಣಪ್ಪ. ತೊಡಿಸೋಕೆ ಬಿಡೋರು ಯಾರು?”

ಪಟೇಲರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ಬೇಕಾದ್ರೆ ಕಲ್ಲು ನಿಲ್ಸಿ, ನಾನೇನು ಅಡ್ಡ ಬರಾಕಿಲ್ಲ. ಹೆಸ್ರು ಬ್ಯಾಡ” ಎಂದು ಹೇಳಿ ದೊಡ್ಡಮ್ಮ ಹೊರಟರು. ಬಾಗಿಲು ದಾಟಿ ಮತ್ತೆ ಇಣುಕಿ, “ಹತ್ತಿಸಿದ್ರೆ ಸೌಟು ತರ್ತೀನಿ” ಎಂದರು.

ಆಡಳಿತಗಾರರನ್ನು ನಾನು ಎಷ್ಟೇ ಗೇಲಿ ಮಾಡಿದರೂ ಒಂದು ವಿಷಯ ಒಪ್ಪಬೇಕು. ಬೇರೆ ದಾರಿಯಿಲ್ಲದಾಗ ಅವರಿಗೆ ಆದರ್ಶಗಳು ಹೊಳೆಯುತ್ತವೆ. ಅಮಲ್ದಾರರು ಎದ್ದು ನಿಂತರು. “ಹೆಸರಿಲ್ಲದ ಸೈನಿಕ!” ಎಂದರು. “ಲಂಡನ್ನಿನಲ್ಲಿದೆ, ಪ್ಯಾರಿಸ್ಸಿನಲ್ಲಿದೆ. ಗುರುತು ಸಿಕ್ಕದ ಸೈನಿಕನಿಗೆ ರಾಜರೇ ಬಂದು ಹೂವಿಡುತ್ತಾರೆ. ಈಗ ನಮ್ಮ ಹೋಬಳಿಯಲ್ಲಿ!” ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪಟ್ಟಣಗಳವರು ಹೆಣದ ಗುರುತು ಸಿಕ್ಕದೆ ಹಾಗೆ ಮಾಡಿದ್ದರು. ನಾವು ಗುರುತು, ಮನೆ, ಅಟ್ಟದ ಮೇಲಿನ ಅವನ ಹಳೆಯ ಚಪ್ಪಲಿ ಎಲ್ಲ ಗೊತ್ತಿದ್ದೂ ಒಬ್ಬ ಹೆಂಗಸಿನ ಸೌಟಿಗೆ ಹೆದರಿ ಅನಾಮಿಕನನ್ನು ತಯಾರಿಸಿದೆವು.

ಅನಾಮಿಕನನ್ನು ತಯಾರಿಸುವುದು ಸುಲಭವಲ್ಲ. ಚಪ್ಪಾಳೆ ಮುಗಿದ ಕೂಡಲೇ ಪಟೇಲರು, “ಹೆಸ್ರು ಇಲ್ದಿದ್ರೆ ಹೋಗ್ಲಿ ಬುದ್ಧಿ, ಯಾರ ಪೈಕಿ ಅಂತಾದ್ರೂ ಗೊತ್ತಾಗ್ಬೇಕಲ್ಲ? ಕೈ ಮುಗಿಯೋದಾ ಬ್ಯಾಡ್ವಾ?” ಎಂದರು. ಹಳೆಯ ವೀರಗಲ್ಲುಗಳಂತೆ ಮೇಲ್ಗಡೆ ಒಂದು ಲಿಂಗ ಇರಲಿ ಎಂದರು ಒಬ್ಬರು. ಹಾಗಾದರೆ ನಾಮ ಏನು ಪಾಪ ಮಾಡಿತ್ತು ಎಂದರು ಇನ್ನೊಬ್ಬರು. ಸಾಹೇಬರು ಮೆಲ್ಲಗೆ, “ನಮ್ಮ ಹುಡುಗ್ರೂ ಹೋಗಿದ್ರಲ್ಲ, ಮೇಷ್ಟ್ರೇ” ಎಂದರು. ಮೇಲ್ಗಡೆ ಖಾಲಿ ಬಿಡುವುದೆಂದು ನಾನು ಬರೆದುಕೊಂಡೆ. ಮೀಸೆ ಇಟ್ಟರೆ ಒಬ್ಬರಿಗೆ ಸರಿಹೋಗುತ್ತಿರಲಿಲ್ಲ, ಗಡ್ಡ ಇಟ್ಟರೆ ಉಳಿದವರಿಗೆ. ಎರಡೂ ಹೋದವು. ಮುಂಡಾಸು ಕಟ್ಟುವ ರೀತಿಯಲ್ಲಿ ಜಾತಿ ಕಾಣುತ್ತದೆಂದು ತಲೆಗೆ ಕಬ್ಬಿಣದ ಟೋಪಿ ಬಂತು. ಶಾನುಭೋಗರು ಕನ್ನಡಕ ಸರಿಪಡಿಸಿಕೊಂಡು, “ಇದು ಸಮಾಧಿಯೋ ಸ್ಮಾರಕವೋ? ಸಮಾಧಿಯಾದರೆ ಅಕ್ಕಪಕ್ಕದವರಿಗೆ ಸೂತಕ” ಎಂದರು. ಅಲ್ಲಿಯವರೆಗೆ ಕಲ್ಲು ತಮ್ಮ ಬೀದಿಯಲ್ಲೇ ನಿಲ್ಲಲಿ ಎನ್ನುತ್ತಿದ್ದವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಕೊನೆಗೆ ಯಾರ ಮನೆಯೂ ಇಲ್ಲದ, ಬಸ್ಸು ನಿಲ್ಲುವ ಹುಣಿಸೆ ಮರದಡಿಯ ಜಾಗ ಹುತಾತ್ಮನಿಗೆ ದಕ್ಕಿತು.

ಇದನ್ನೆಲ್ಲ ದೊಡ್ಡಮ್ಮನಿಗೆ ಗೋಡೆಯ ಮೇಲಿಂದ ವರದಿ ಮಾಡಿದೆ. ಆಕೆ ನೂಲಿನಿಂದ ತಲೆ ಎತ್ತದೆ, “ಮೂಗಾದ್ರೂ ಬಿಟ್ಟವ್ರಾ?” ಎಂದರು.

ಶಿವಗಂಗೆ ಕಡೆಯ ಒಬ್ಬ ಕಲ್ಲುಕುಟಿಗ ಬಂದ. ಸ್ಕೂಲಿನ ಹಿಂದೆ, ದೊಡ್ಡಮ್ಮನ ಹಿತ್ತಲಿಗೆ ಎದುರಾಗಿ ಕಲ್ಲು ಮಲಗಿಸಿಕೊಂಡ. ದೇವರು, ಆನೆ, ನಂದಿ ಎಲ್ಲ ಅವನಿಗೆ ಸರಾಗ. ಬಂದೂಕು ಹಿಡಿದು ನೆಟ್ಟಗೆ ನಿಂತವನನ್ನು ಮಾತ್ರ ಅವನು ಕಂಡಿರಲಿಲ್ಲ. ಯಾರಾದರೂ ನಿಂತು ತೋರಿಸಬೇಕೆಂದ. ಕಾರ್ಯದರ್ಶಿಯ ಕರ್ತವ್ಯವೆಂದು ನಾನೇ ಕೊಡೆ ಹಿಡಿದು ಎದೆ ಉಬ್ಬಿಸಿ ನಿಂತೆ. ಕಲ್ಲುಕುಟಿಗ ತಲೆ ಕೆರೆದುಕೊಂಡ. ಹಿತ್ತಲಿನಿಂದ ನೋಡುತ್ತಿದ್ದ ದೊಡ್ಡಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. “ಮೇಷ್ಟ್ರೇ, ನೀವು ಯುದ್ಧಕ್ ಹೋಗೋನಂಗೆ ಕಾಣಾಕಿಲ್ಲ. ಮಳೆ ಬತ್ತದೆ ಅಂತ ನಿಂತೋನಂಗೆ ಅದೀರಿ. ಸರೀರಿ ಅತ್ಲಾಗೆ.”

ಸೊಸೆಗೆ ಒನಕೆ ತರಲು ಕೂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆಯೇ ಕಲ್ಲುಕುಟಿಗನ ಮುಂದೆ ನಿಂತರು. ಒನಕೆಯನ್ನು ಪಕ್ಕದಲ್ಲಿ ನೆಲಕ್ಕೆ ಊರಿ, ಗದ್ದ ಎತ್ತಿ, ಕಣ್ಣು ದೂರಕ್ಕೆ ನೆಟ್ಟು. ನಗು ಹೋಗಿತ್ತು. ಒನಕೆ ಜಾರಿ ಆಕೆಯ ಕಾಲಿನ ಮೇಲೆ ಬಿದ್ದರೆ ಎಂಬ ಚಿಂತೆಯಲ್ಲಿ ನಾನು ಆಕೆಯ ಹೆಬ್ಬೆರಳನ್ನಷ್ಟೇ ನೋಡುತ್ತಿದ್ದೆ. ಪಾಠದ ಗಂಟೆ ಹೊಡೆಯಿತು, ಹೋದೆ. ಆಮೇಲೆ ಎಷ್ಟೋ ದಿನ ಉಳಿಯ ಸದ್ದಿನ ಜೊತೆ ಆಕೆಯ ಮಾತೂ ಕೇಳಿಸುತ್ತಿತ್ತು. “ಇನ್ನೊಂದಿಷ್ಟು ಭುಜ ಅಗ್ಲ ಮಾಡಪ್ಪ. ಊಂ, ಅಂಗೆ.” ಕಲ್ಲುಕುಟಿಗನಿಗೆ ದಿನಾ ಮಜ್ಜಿಗೆ ಹೋಗುತ್ತಿತ್ತು. ಮಗನ ಹೆಸರು ಬೇಡವೆಂದವರು ಹೀಗೆ ಹತ್ತಿರ ಕೂತು ಯಾರನ್ನು ಕೆತ್ತಿಸುತ್ತಿದ್ದಾರೆಂದು ಯೋಚಿಸುವಷ್ಟು ಬಿಡುವು ನನಗಿರಲಿಲ್ಲ. ನಾನು ಹೆಜ್ಜೇನಿನ ಬಗ್ಗೆ ಚಿಂತಿಸುತ್ತಿದ್ದೆ.

ಈ ಕಲ್ಲಿನ ಮುಂದಿನ ಜೀವನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಲ್ಲಿಸಿದಾಗ ಅವನು ಚಕ್ರವರ್ತಿಗಳಿಗಾಗಿ ಪ್ರಾಣ ಕೊಟ್ಟವನು. ಸ್ವಾತಂತ್ರ್ಯ ಬಂದ ಮೇಲೆ ಅದೇ ಖಾದಿ ಹುಡುಗರು ಅದೇ ಕಲ್ಲಿನ ಮುಂದೆ ಬಾವುಟ ಹಾರಿಸಿ, ಅವನು ದೇಶಕ್ಕಾಗಿ ಮಡಿದನೆಂದು ಭಾಷಣ ಮಾಡಿದರು. ಒಂದು ಅಕ್ಷರವನ್ನೂ ತಿದ್ದಬೇಕಾಗಲಿಲ್ಲ. ಹೆಸರಿಲ್ಲದವನಿಂದ ಇದೊಂದು ಅನುಕೂಲ: ಅವನು ಯಾರ ಕಡೆಯಿಂದ ಬೇಕಾದರೂ ಸತ್ತಿರಬಹುದು. ದೊಡ್ಡಮ್ಮ ಆ ಭಾಷಣವನ್ನು ಕೇಳಿ ಬಂದು, “ಅವ್ನು ಬಂದ್ರೆ ಊರೊಳಕ್ಕೆ ಬಿಟ್ಕಳ್ಳೋಕ್ ಮುಂಚೆ ನೀನ್ಯಾವ್ ಪಾರ್ಟಿ ಅಂತ ಕೇಳ್ತಾರೇನೋ ಮೇಷ್ಟ್ರೇ” ಎಂದರು.

ಅವನು ಬರಲಿಲ್ಲ. ಆಕೆ ಕಾಯಿಲೆ ಬಿದ್ದಾಗಲೂ ಅವನನ್ನು ಬಯ್ಯುವುದನ್ನು ಬಿಡಲಿಲ್ಲ. ಬದುಕಿರುವವರನ್ನು ಬಯ್ಯುವ ದನಿಯಲ್ಲೇ ಬಯ್ಯುತ್ತಿದ್ದರು. ಕೊನೆಯ ದಿನಗಳಲ್ಲಿ ಸೊಸೆಯ ಕೈ ಹಿಡಿದು ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಸೊಸೆ ಈಗ ಆ ಮನೆಯಲ್ಲಿ ಚರಕ ತಿರುಗಿಸುತ್ತಾಳೆ. ಬಳೆಯ ಸದ್ದು ಗೋಡೆಯಾಚೆಗೆ ಕೇಳಿಸುತ್ತದೆ. ಸೌಟನ್ನು ಎಲ್ಲಿಟ್ಟಿದ್ದಾಳೋ ನನಗೆ ಗೊತ್ತಿಲ್ಲ, ಆದರೆ ಬೀದಿಯವರು ಯಾರೂ ಹೋಗಿ ವಿಚಾರಿಸಿಲ್ಲ.

ಇನ್ನು ಆ ಅನಾವರಣದ ದಿನ. ಬಸ್ಸು ಕೆರೆ ಏರಿ ಹತ್ತಿತು. ಆಡುಗಳು ಬೇರೆ ಕಡೆ ಮೇಯುತ್ತಿದ್ದವು. ಖಾದಿ ಹುಡುಗರು ಬಂದು, ಸಿಹಿ ಹಂಚುತ್ತಾರೆಂದು ಕೇಳಿ, ಸುಮ್ಮನೆ ಕೂತರು. ವಾಲಗದವರು ಮದುವೆಯ ಧಾಟಿಯನ್ನೇ ಎಷ್ಟು ನಿಧಾನವಾಗಿ ಊದಿದರೆಂದರೆ ಒಬ್ಬಿಬ್ಬರು ಅತ್ತರು. ಅಮಲ್ದಾರರು ದಾರ ಎಳೆದರು, ಬಟ್ಟೆ ನಯವಾಗಿ ಜಾರಿತು. ಅದು ದೊಡ್ಡಮ್ಮನದೇ ನೂಲು, ಗಂಟಿರಲಿಲ್ಲ. ಕಬ್ಬಿಣದ ಟೋಪಿ, ಮೀಸೆ ಗಡ್ಡಗಳಿಲ್ಲದ ಮುಖ, ಅಗಲವಾದ ಭುಜ. ಯಾರೂ ಅಲ್ಲದವನು ಎಲ್ಲರನ್ನೂ ನೋಡುತ್ತ ನಿಂತಿದ್ದ.

ವಂದನೆ ಸಲ್ಲಿಸಲೆಂದು ಹಿಂದಿನ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದ ಒಬ್ಬ ಮುದಿ ಜಮಾದಾರರನ್ನು ಕರೆಸಿದ್ದೆವು. ಅವರು ಹೆಜ್ಜೆ ಹಾಕಿಕೊಂಡು ಹೋಗಿ ಸೆಲ್ಯೂಟ್ ಹೊಡೆದರು, ಕೈ ಇಳಿಸದೆ ಹಾಗೇ ನಿಂತರು. ಹಿಂದಕ್ಕೆ ಬಂದು ನನ್ನ ಕಿವಿಯಲ್ಲಿ, “ಮೇಷ್ಟ್ರೇ, ಬಂದೂಕು ತಪ್ಪಾಗಿದೆಯಲ್ಲ. ಬಲಗಡೆ ಇರ್ಬೇಕು” ಎಂದರು.

ನೋಡಿದೆ. ಮೀಸೆಗೆ, ಮುಂಡಾಸಿಗೆ, ನಾಮಕ್ಕೆ ದಿನಗಟ್ಟಲೆ ಜಗಳವಾಡಿದ ನಾವು ಕೈಯ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಗುಂಪಿನ ಅಂಚಿನಲ್ಲಿ ದೊಡ್ಡಮ್ಮನ ಸೊಸೆ ನಿಂತಿದ್ದಳು. ಅವಳ ಕಣ್ಣು ಕಲ್ಲಿನ ಕೈಯ ಮೇಲಿತ್ತು. ಅವಳ ಕೈ ತಾನಾಗಿ ಕತ್ತಿನ ಹಿಂದಕ್ಕೆ, ತಾಳಿಯ ಗಂಟಿನ ಹತ್ತಿರ ಹೋಗಿತ್ತು. ದೊಡ್ಡಮ್ಮ ಕಲ್ಲನ್ನು ನೋಡುತ್ತಲೇ ಇರಲಿಲ್ಲ. ಬಸ್ಸಿನ ದಾರಿಯನ್ನು ನೋಡುತ್ತಿದ್ದರು.

ನಾನು ಜನರ ನಡುವೆ ಸರಿದು ಹೋಗಿ ಪಿಸುಗುಟ್ಟಿದೆ: “ದೊಡ್ಡಮ್ಮ, ಅದು ತಪ್ಪಂತೆ. ತಿದ್ದಿಸಬೇಕಂತೆ.”

“ತಿದ್ದಿಸಾನ ಬಿಡಿ” ಎಂದರು ಆಕೆ, ದಾರಿಯಿಂದ ಕಣ್ಣು ತೆಗೆಯದೆ. “ಅವ್ನು ಬರ್ಲಿ. ಪಕ್ಕದಾಗ್ ನಿಲ್ಸಿ ನೋಡ್ಕಂಡು ತಿದ್ದಿಸಾನ.”

ತಿದ್ದಿಸಲಿಲ್ಲ. ನಮ್ಮ ಹೋಬಳಿಯ ಹೆಸರಿಲ್ಲದ ಸೈನಿಕ ಇವತ್ತಿಗೂ ಬಂದೂಕನ್ನು ಎಡಗೈಯಲ್ಲೇ ಹಿಡಿದು ನಿಂತಿದ್ದಾನೆ. ಅವತ್ತು ತಪ್ಪಾದದ್ದು ಅದೊಂದೇ.